ತೂಬು ತೆಗೆಯೋರು ಒಬ್ಬರು, ಬಿಲ್ ಕಟ್ಟೋರು ಇನ್ನೊಬ್ಬರು

ಜೆ.ಆರ್. ಸ್ಟೋರ್ಮೆಂಟ್ ಮತ್ತು ಮೈಕ್ ಫುಲ್ಲರ್ ಬರೆದಿರೋ ‘ಕ್ಲೌಡ್ ಫಿನ್‌ಆಪ್ಸ್’ ಅನ್ನೋ ಪುಸ್ತಕವನ್ನು ನಮ್ಮ ಕೆಲಸದವರು ಓದೋದು ಕಡಿಮೆ. ಹೆಸರಿನಲ್ಲೇ ಫೈನಾನ್ಸ್ ವಾಸನೆ ಇದೆ, ಹಾಗಾಗಿ ಇಂಜಿನಿಯರ್‌ಗಳು ಪಕ್ಕಕ್ಕೆ ಇಡ್ತಾರೆ. ಒಳಗೆ ಟ್ಯಾಗ್, ಕಂಟೇನರ್, ಮೆಷಿನ್ ಸೈಜ್ ಅಂತೆಲ್ಲ ಇದೆ, ಹಾಗಾಗಿ ಅಕೌಂಟ್ಸ್‌ನವರೂ ಪಕ್ಕಕ್ಕೆ ಇಡ್ತಾರೆ. ಇಬ್ಬರೂ ಕೂತು ಓದಬೇಕಾದ ಪುಸ್ತಕ ಇಬ್ಬರ ಮೇಜಿನ ಮೇಲೂ ಇರಲ್ಲ. ಪುಸ್ತಕ ಹೇಳೋ ಕಾಯಿಲೆಯೂ ಸರಿಯಾಗಿ ಇದೇ: ಖರ್ಚು ಮಾಡೋರು ಒಬ್ಬರು, ಬಿಲ್ ನೋಡೋರು ಇನ್ನೊಬ್ಬರು, ಮಧ್ಯೆ ಮಾತೇ ಇಲ್ಲ.

ಓರೈಲಿ ಪ್ರಕಾಶನದ ಈ ಪುಸ್ತಕದ ಎರಡನೇ ಆವೃತ್ತಿ ಬಂದಿದ್ದು 2023ರಲ್ಲಿ. ಮೊದಲ ಆವೃತ್ತಿಯ ಉಪಶೀರ್ಷಿಕೆಯಲ್ಲಿ ‘ಹಣಕಾಸು ನಿರ್ವಹಣೆ’ ಅಂತ ಇತ್ತು. ಎರಡನೆಯದರಲ್ಲಿ ಅದನ್ನು ತೆಗೆದು ‘ಮೌಲ್ಯದ ತೀರ್ಮಾನ’ ಅನ್ನೋ ಅರ್ಥ ಬರೋ ಮಾತು ಹಾಕಿದ್ದಾರೆ. ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಬಿಲ್ ಕಮ್ಮಿ ಮಾಡೋದು ಬೇರೆ, ಖರ್ಚು ಮಾಡಿದ್ದಕ್ಕೆ ಏನು ಸಿಕ್ತು ಅಂತ ಕೇಳೋದು ಬೇರೆ. ಎರಡನೆಯದೇ ಸರಿಯಾದ ಪ್ರಶ್ನೆ. ಈ ಪ್ರಶ್ನೆಯನ್ನು ಪುಸ್ತಕ ಎಷ್ಟು ದೂರ ತಗೊಂಡು ಹೋಗುತ್ತೆ ಅನ್ನೋದೇ ಈ ಬರಹದ ವಿಷಯ.

ಮೊದಲು ಒಳ್ಳೇದನ್ನೇ ಹೇಳ್ತೀನಿ. ಸಮಸ್ಯೆ ಎಲ್ಲಿಂದ ಹುಟ್ಟಿತು ಅನ್ನೋದನ್ನ ಇಷ್ಟು ಬಿಡಿಸಿ ಹೇಳಿದ್ದನ್ನ ನಾನು ಬೇರೆ ಕಡೆ ನೋಡಿಲ್ಲ. ಮೊದಲೆಲ್ಲ ಒಂದು ಸರ್ವರ್ ಬೇಕು ಅಂದ್ರೆ ಕೊಟೇಶನ್ ತರಿಸಬೇಕಿತ್ತು, ಮ್ಯಾನೇಜರ್ ಸಹಿ, ಫೈನಾನ್ಸ್ ಸಹಿ, ಆಮೇಲೆ ಪರ್ಚೇಸ್ ಆರ್ಡರ್. ಬರೋದು ತಡ ಆಗ್ತಿತ್ತು, ಆದರೆ ದುಡ್ಡು ಹೋಗೋ ಮುಂಚೆ ನಾಲ್ಕು ಜನ ನೋಡಿರ್ತಿದ್ದರು. 2006ರಲ್ಲಿ ಅಮೆಜಾನ್ ಕಂಪನಿ ಗಂಟೆ ಲೆಕ್ಕದಲ್ಲಿ ಮೆಷಿನ್ ಬಾಡಿಗೆಗೆ ಕೊಡೋಕೆ ಶುರು ಮಾಡಿದ ಮೇಲೆ ಈ ಕ್ರಮ ತಲೆಕೆಳಗಾಯ್ತು. ಈಗ ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ ಒಂದು ಕಾನ್ಫಿಗ್ ಫೈಲಿನಲ್ಲಿ 2 ಅನ್ನೋದನ್ನ 20 ಮಾಡಿ ಮರ್ಜ್ ಮಾಡಿದರೆ ಸಾಕು, ಖರ್ಚು ಆಗಿಹೋಗುತ್ತೆ. ಫೈನಾನ್ಸ್‌ಗೆ ಗೊತ್ತಾಗೋದು ಮುಂದಿನ ತಿಂಗಳು. ಸಹಿ ಮಾಡೋ ಅಧಿಕಾರ ಯಾರೂ ಘೋಷಣೆ ಮಾಡದೇ ಕೀಬೋರ್ಡಿಗೆ ಬಂದುಬಿಡ್ತು.

ಒಂದು ಲೆಕ್ಕ ಹಾಕಿ ನೋಡಿ. ಗಂಟೆಗೆ 20 ರೂಪಾಯಿಯ ಮೆಷಿನ್ ಅಂತ ಇಟ್ಕೊಳ್ಳಿ. ತಿಂಗಳಿಡೀ ಓಡಿದರೆ 720 ಗಂಟೆ, 14,400 ರೂಪಾಯಿ. ಅದು ಬರೀ ಟೆಸ್ಟಿಂಗ್ ಮೆಷಿನ್ ಆಗಿದ್ದು, ಕೆಲಸದ ದಿನ 22, ದಿನಕ್ಕೆ 10 ಗಂಟೆ ಮಾತ್ರ ಓಡಿದರೆ 4,400 ರೂಪಾಯಿ. ಮಿಕ್ಕ ಹತ್ತು ಸಾವಿರ ಯಾರಿಗೂ ಬೇಡದ ರಾತ್ರಿಗಳ ಬಾಡಿಗೆ. ಮೆಷಿನ್ ನಿಲ್ಲಿಸಿದರೂ ಅದರ ಡಿಸ್ಕಿಗೆ ಬಾಡಿಗೆ ಓಡ್ತಾನೇ ಇರುತ್ತೆ, ಅದು ಬೇರೆ ಕಥೆ. ಇದನ್ನ ಇಂಜಿನಿಯರ್ ಮಾತ್ರ ನಿಲ್ಲಿಸಬಲ್ಲ. ಯಾವ ಮೆಷಿನ್ ಟೆಸ್ಟಿಂಗ್‌ದು, ಯಾವುದು ಗ್ರಾಹಕರದ್ದು ಅಂತ ಫೈನಾನ್ಸ್‌ಗೆ ಹೇಗೆ ಗೊತ್ತಾಗಬೇಕು?

ಪುಸ್ತಕದ ಅತ್ಯಂತ ಉಪಯುಕ್ತ ಮಾತು ಇರೋದು ಇಲ್ಲೇ. ಕಮ್ಮಿ ಬಳಸೋ ಕೆಲಸವನ್ನು ಪ್ರತಿ ತಂಡಕ್ಕೂ ಹಂಚಬೇಕು, ಕಮ್ಮಿ ದರಕ್ಕೆ ಕೊಳ್ಳೋ ಕೆಲಸವನ್ನು ಒಂದೇ ಕಡೆ ಇಡಬೇಕು ಅಂತಾರೆ. ದರ ಅಂದ್ರೆ ಏನು? ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಇಷ್ಟು ಬಳಸೇ ಬಳಸ್ತೀವಿ ಅಂತ ಮಾತು ಕೊಟ್ಟರೆ ರಿಯಾಯಿತಿ ಸಿಗುತ್ತೆ. ಅಮೆಜಾನ್‌ನ ಸೇವಿಂಗ್ಸ್ ಪ್ಲಾನ್‌ಗಳಲ್ಲಿ, ಅವರೇ ಹೇಳಿಕೊಳ್ಳೋ ಹಾಗೆ, ಒಂದೇ ಜಾತಿಯ ಮೆಷಿನ್‌ಗೆ ಕಟ್ಟುಬಿದ್ದರೆ ಶೇ. 72ರವರೆಗೆ, ಯಾವ ಮೆಷಿನ್ ಬೇಕಾದರೂ ಬಳಸೋ ಸ್ವಾತಂತ್ರ್ಯ ಬೇಕು ಅಂದ್ರೆ ಶೇ. 66ರವರೆಗೆ. ಕಟ್ಟುಬಿದ್ದಷ್ಟೂ ಲಾಭ. ಆದರೆ ಕೇಂದ್ರ ತಂಡ ಮೂರು ವರ್ಷಕ್ಕೆ ಕಟ್ಟುಬಿದ್ದ ಮರುತಿಂಗಳೇ ಇಂಜಿನಿಯರಿಂಗ್ ತಂಡ ಬೇರೆ ಜಾತಿಯ ಮೆಷಿನ್‌ಗೆ ಹೋದರೆ? ಇವರು ಉಳಿತಾಯ ಮಾಡಿದೆವು ಅಂತ ಪ್ರೆಸೆಂಟೇಶನ್ ಮಾಡ್ತಾರೆ, ಅವರೂ ಉಳಿತಾಯ ಮಾಡಿದೆವು ಅಂತ ಪ್ರೆಸೆಂಟೇಶನ್ ಮಾಡ್ತಾರೆ, ಬಿಲ್ ಮಾತ್ರ ಏರುತ್ತೆ. ಇಬ್ಬರೂ ಅವರವರ ಕೆಲಸವನ್ನು ಸರಿಯಾಗೇ ಮಾಡಿದ್ದಾರೆ. ಮಾತಾಡಿಕೊಂಡಿಲ್ಲ, ಅಷ್ಟೇ. ಅದಕ್ಕೇ ಫಿನ್‌ಆಪ್ಸ್‌ನ ತತ್ವಗಳ ಪಟ್ಟಿಯಲ್ಲಿ ತಂಡಗಳು ಸಹಕರಿಸಬೇಕು ಅನ್ನೋದು ಮೊದಲನೆಯದು.

ಇಲ್ಲಿವರೆಗೂ ನನ್ನ ತಕರಾರಿಲ್ಲ. ತಕರಾರು ಶುರುವಾಗೋದು ಆ ಸಹಕಾರ ಹೇಗೆ ಬರುತ್ತೆ ಅನ್ನೋ ಕಡೆ.

ಲೇಖಕರು ‘ಪ್ರಿಯಸ್ ಪರಿಣಾಮ’ ಅನ್ನೋದನ್ನ ಹೇಳ್ತಾರೆ. ಟೊಯೊಟಾ ಪ್ರಿಯಸ್ ಕಾರಿನ ಪರದೆಯಲ್ಲಿ ಆ ಕ್ಷಣಕ್ಕೆ ಶಕ್ತಿ ಎಲ್ಲಿಗೆ ಹೋಗ್ತಿದೆ ಅಂತ ಕಾಣುತ್ತೆ, ಕಂಡ ತಕ್ಷಣ ಚಾಲಕನ ಕಾಲು ತಾನೇ ಹಗುರ ಆಗುತ್ತೆ, ಯಾರೂ ಬೈಯಬೇಕಾಗಿಲ್ಲ. ಹಾಗೇ ತಂಡಗಳಿಗೆ ಅವರವರ ಖರ್ಚು ಕಾಣಿಸಿದರೆ ನಡವಳಿಕೆ ತಾನಾಗೇ ಬದಲಾಗುತ್ತೆ ಅಂತ. ಉದಾಹರಣೆ ಚೆನ್ನಾಗಿದೆ. ಆದರೆ ಕಾರಿನಲ್ಲಿ ಪರದೆ ನೋಡೋನೂ ಅವನೇ, ಪೆಡಲ್ ಒತ್ತೋನೂ ಅವನೇ. ಕಂಪನಿಯಲ್ಲಿ ಹಾಗಲ್ಲ.

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಪ್ರತಿ ಸೋಮವಾರ ಒಂದು ಮೇಲ್ ಬರ್ತಿತ್ತು. ತಂಡಗಳ ಹೆಸರು, ಎದುರಿಗೆ ಖರ್ಚು, ಜಾಸ್ತಿ ಆದೋರಿಗೆ ಕೆಂಪು ಬಣ್ಣ. ನಮ್ಮ ತಂಡದ ದೊಡ್ಡ ಖರ್ಚು ಒಂದು ಡೇಟಾ ಸೆಂಟರ್ ವಲಯದಿಂದ ಇನ್ನೊಂದಕ್ಕೆ ಓಡಾಡೋ ಡೇಟಾದ್ದು. ಇದಕ್ಕೆ ಜಿಬಿಗೆ ಹೋಗೋ ಕಡೆ ಒಂದು ಸೆಂಟ್, ಬರೋ ಕಡೆ ಒಂದು ಸೆಂಟ್. ಕೇಳೋಕೆ ಏನೂ ಅಲ್ಲ, ತಿಂಗಳಿಗೆ ನೂರು ಟಿಬಿ ಆದರೆ ಎರಡು ಸಾವಿರ ಡಾಲರ್. ಆದರೆ ಯಾವ ಸರ್ವಿಸ್ ಯಾವ ವಲಯದಲ್ಲಿ ಕೂರಬೇಕು ಅನ್ನೋದನ್ನ ತೀರ್ಮಾನ ಮಾಡ್ತಿದ್ದಿದ್ದು ಪ್ಲಾಟ್‌ಫಾರ್ಮ್ ತಂಡ. ಅವರ ಹೆಸರಿನ ಎದುರು ಹಸಿರು, ನಮ್ಮ ಎದುರು ಕೆಂಪು. ಪೆಡಲ್ ಅವರ ಕಾಲ ಕೆಳಗೆ, ಪರದೆ ನಮ್ಮ ಮುಖದ ಮುಂದೆ.

ಹೀಗಾದಾಗ ಜನ ಏನು ಮಾಡ್ತಾರೆ ಅಂತ ನೀವು ಊಹಿಸಬಹುದು. ಒಂದು ತಂಡ ಟ್ಯಾಗ್ ಬದಲಾಯಿಸಿ ತನ್ನ ಮೆಷಿನ್‌ಗಳನ್ನ ‘ಸಾಮಾನ್ಯ ಖರ್ಚು’ ಅನ್ನೋ ಖಾತೆಗೆ ತಳ್ಳಿತು. ಇನ್ನೊಂದು ತಂಡ ಲೋಡ್ ಟೆಸ್ಟಿಂಗ್ ನಿಲ್ಲಿಸಿತು. ಮತ್ತೊಂದು ಕಡೆ ಲಾಗ್‌ಗಳನ್ನ ಒಂದು ವಾರಕ್ಕಿಂತ ಹೆಚ್ಚು ಇಡಬಾರದು ಅಂತಾಯ್ತು. ಎಲ್ಲರಿಗೂ ಹಸಿರು ಬಂತು, ಮೇಲಿನವರಿಂದ ಶಹಬ್ಬಾಸ್‌ಗಿರಿಯೂ ಬಂತು. ಆಮೇಲೆ ಒಂದು ರಾತ್ರಿ ಪೇಮೆಂಟ್ ಎಡವಿದಾಗ, ಹತ್ತು ದಿನದ ಹಿಂದೆ ಏನು ಬದಲಾಗಿತ್ತು ಅಂತ ನೋಡೋಕೆ ಲಾಗ್ ಇರಲಿಲ್ಲ. ಆನ್-ಕಾಲ್ ಇದ್ದ ಹುಡುಗ ಬೆಳಗಿನವರೆಗೂ ಊಹೆ ಮೇಲೆ ಹುಡುಕಿದ. ಅವನ ಆ ರಾತ್ರಿ ಯಾವ ಡ್ಯಾಶ್‌ಬೋರ್ಡ್‌ನಲ್ಲೂ ಖರ್ಚಾಗಿ ಬರಲಿಲ್ಲ. ಬಿಲ್ಲಿನಿಂದ ತೆಗೆದ ಖರ್ಚು ಮಾಯ ಆಗಿರಲಿಲ್ಲ, ಮನುಷ್ಯರ ಮೇಲೆ ಹೋಗಿ ಕೂತಿತ್ತು.

ಪುಸ್ತಕದಲ್ಲಿ ಈ ವಿಷಯಕ್ಕೆ ಕೊಟ್ಟಿರೋ ತೂಕ ನನಗೆ ಸಾಲದು ಅನ್ನಿಸಿತು. ಎಲ್ಲರೂ ತಮ್ಮ ಬಳಕೆಯ ಹೊಣೆ ಹೊರಬೇಕು ಅನ್ನೋದು ಇನ್ನೊಂದು ತತ್ವ. ಹೊಣೆ ಸರಿ, ಅಧಿಕಾರ ಎಲ್ಲಿ? ಬೆಂಗಳೂರಿನಲ್ಲಿ ಕೂತು ಓದುವಾಗ ಇದು ಇನ್ನೂ ಚುಚ್ಚುತ್ತೆ. ಇಲ್ಲಿರೋ ಎಷ್ಟೋ ಆಫೀಸುಗಳ ಕ್ಲೌಡ್ ಒಪ್ಪಂದ ಆಗೋದು ಹೊರದೇಶದ ಮುಖ್ಯ ಕಚೇರಿಯಲ್ಲಿ. ಅಲ್ಲಿ ಎಷ್ಟು ರಿಯಾಯಿತಿ ಸಿಕ್ಕಿದೆ ಅನ್ನೋದು ಗುಟ್ಟು. ಇಲ್ಲಿನ ಇಂಜಿನಿಯರ್ ನೋಡೋದು ವೆಬ್‌ಸೈಟಿನಲ್ಲಿರೋ ಪಟ್ಟಿ ಬೆಲೆ. ನಿಜವಾದ ಬೆಲೆ ಗೊತ್ತಿಲ್ಲದೇ ಎರಡು ವಾರ ಕೂತು ಕೋಡ್ ತಿದ್ದಿ ಉಳಿಸಿದ್ದು ತನ್ನ ಎರಡು ವಾರದ ಸಂಬಳಕ್ಕಿಂತ ಕಮ್ಮಿಯೋ ಜಾಸ್ತಿಯೋ ಅಂತ ಅವನು ಹೇಗೆ ತಿಳ್ಕೊಬೇಕು?

ನಾನು ಬೆಳೆದಿದ್ದು ಕೋಲಾರದ ಕಡೆ ಹಳ್ಳಿಯಲ್ಲಿ. ನಾನು ನೋಡೋ ಹೊತ್ತಿಗೆ ಕೆರೆಯಲ್ಲಿ ಹೂಳು ಜಾಸ್ತಿ, ನೀರು ಕಮ್ಮಿ. ಹಿರಿಯರ ಬಾಯಲ್ಲಿ ಮಾತ್ರ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆಯೋದು, ಮುಚ್ಚೋದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡೋದು ಅವನ ಕೆಲಸ. ಯಾರೇ ಆಗಲಿ ತಮ್ಮ ಗದ್ದೆಗೆ ತಾವೇ ನೀರು ತಿರುಗಿಸ್ಕೊಳ್ಳೋ ಹಾಗಿರಲಿಲ್ಲ. ಸುಗ್ಗಿಯಲ್ಲಿ ಅವನಿಗೆ ಊರಿನವರು ಧಾನ್ಯ ಕೊಡ್ತಿದ್ದರು. ಮಳೆ ಕಮ್ಮಿಯಾದ ವರ್ಷ ಊರಿನವರೇ ಕೂತು ಎಷ್ಟು ಜಮೀನಿಗೆ ಭತ್ತ ಹಾಕಬಹುದು ಅಂತ ತೀರ್ಮಾನ ಮಾಡ್ತಿದ್ದರು. ಬರ ಬಂದ ಮೇಲೆ ಜಗಳ ಆಡೋದಲ್ಲ, ಬಿತ್ತೋ ಮುಂಚೆಯೇ ಮಾತು.

ಇದನ್ನ ಹೊಗಳೋದಕ್ಕೆ ಹೇಳ್ತಿಲ್ಲ. ನಮ್ಮ ಕಡೆ ನೀರುಗಂಟಿಗಳು ಬಹಳಷ್ಟು ಜನ ದಲಿತರು, ಆ ಅಚ್ಚುಕಟ್ಟಿನಲ್ಲಿ ತುಂಡು ಗದ್ದೆಯೂ ಇಲ್ಲದೋರು. ಗದ್ದೆ ಇಲ್ಲ, ಹಾಗಾಗಿ ಪಕ್ಷಪಾತ ಮಾಡಲ್ಲ ಅಂತ ಅದನ್ನೇ ಗುಣ ಅನ್ನೋರೂ ಇದ್ದಾರೆ. ನೀರು ಹಂಚೋನಿಗೆ ನೀರಿನಲ್ಲಿ ಪಾಲಿಲ್ಲ ಅನ್ನೋದನ್ನ ಗುಣ ಅಂತ ಕರೆಯೋಕೆ ನನಗೆ ಆಗಲ್ಲ. ಆದರೂ ಕೆಲಸದ ರೀತಿಯಲ್ಲಿ ಕಲಿಯೋದು ಇದೆ. ನೀರು ಎಲ್ಲರ ಕಣ್ಣಿಗೆ ಕಾಣ್ತಿತ್ತು, ನಿಯಮ ಮೊದಲೇ ಗೊತ್ತಿತ್ತು, ತೂಬಿನ ಹತ್ತಿರದ ಗದ್ದೆಯೋನು ತನ್ನ ಜಾಗದ ಬಲದಿಂದ ಎಲ್ಲ ಎಳಕೊಳ್ಳದ ಹಾಗೆ ಒಂದು ಕೈ ಇತ್ತು. ಎಲಿನೋರ್ ಆಸ್ಟ್ರಮ್ ಅವರು 1990ರ ತಮ್ಮ ಪುಸ್ತಕದಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ ಕಾಲುವೆ, ಕಾಡು, ಮೀನುಗಾರಿಕೆ ಎಲ್ಲ ನೋಡಿ ಹೇಳಿದ್ದೂ ಇದಕ್ಕೆ ಹತ್ತಿರದ್ದು: ಬಳಸೋರೇ ನಿಯಮ ಮಾಡೋದರಲ್ಲಿ ಇರಬೇಕು, ಕಾವಲು ಕಾಯೋನು ಬಳಸೋರಿಗೆ ಉತ್ತರ ಕೊಡಬೇಕು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಆಮೇಲೆ ಬೋರ್‌ವೆಲ್ ಬಂತು. ಅವರವರ ಹೊಲ, ಅವರವರ ಪಂಪು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಎಳೆದವನಿಗೆ ಬಿಲ್ ಕಾಣಲ್ಲ. ಕೆಳಗಿರೋ ನೀರು ಮಾತ್ರ ಎಲ್ಲರದ್ದೂ ಒಂದೇ. ಪ್ರತಿ ತಂಡಕ್ಕೂ ಒಂದೊಂದು ಕ್ಲೌಡ್ ಅಕೌಂಟ್ ಕೊಟ್ಟು ‘ನೀವು ಸ್ವತಂತ್ರರು’ ಅಂತ ಹೇಳೋ ಕಂಪನಿಗಳನ್ನ ನೋಡಿದಾಗ ನನಗೆ ನೆನಪಾಗೋದು ಈ ಬೋರ್‌ವೆಲ್ ಕಾಲ. ಪುಸ್ತಕ ಹೇಳೋ ಕೇಂದ್ರ ಫಿನ್‌ಆಪ್ಸ್ ತಂಡ ನೀರುಗಂಟಿ ಇದ್ದ ಹಾಗೆ. ಆದರೆ ಅವನ ಬೆನ್ನಿಗೆ ಊರಿನ ಒಪ್ಪಿಗೆ ಇತ್ತು. ಇವರ ಬೆನ್ನಿಗೆ ಸಿಎಫ್‌ಒ ಮಾತ್ರ ಇದ್ದರೆ ಇಂಜಿನಿಯರ್‌ಗಳ ಕಣ್ಣಿಗೆ ಇವರು ವಸೂಲಿಗೆ ಬಂದೋರ ಹಾಗೆ ಕಾಣ್ತಾರೆ.

ಇನ್ನೊಂದು ಪ್ರಶ್ನೆ: ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ? ಕೆರೆ ನೀರು ಉಳಿದರೆ ಮುಂದಿನ ಬೆಳೆಗೆ ಆಗ್ತಿತ್ತು, ಅದು ಊರಿಗೇ. ಕಂಪನಿಯಲ್ಲಿ ತಂಡ ಉಳಿಸಿದ್ದು ಮೇಲೆ ಹೋಗುತ್ತೆ, ಮುಂದಿನ ವರ್ಷ ಅದೇ ತಂಡದ ಬಜೆಟ್ ಅಷ್ಟು ಕತ್ತರಿಸಿ ಬರುತ್ತೆ. ಉಳಿಸಿದ್ದಕ್ಕೆ ಶಿಕ್ಷೆ. ಉಳಿಸಿದ್ದರಲ್ಲಿ ಒಂದು ಪಾಲು ಅದೇ ತಂಡದ ಹಳೇ ಕೋಡ್ ರಿಪೇರಿಗೆ, ಇನ್ನೊಬ್ಬ ಆನ್-ಕಾಲ್ ಇಂಜಿನಿಯರ್‌ಗೆ ಅಂತ ಮೊದಲೇ ಬರೆದುಕೊಟ್ಟರೆ ಸಹಕಾರಕ್ಕೆ ಭಾಷಣ ಬೇಕಾಗಲ್ಲ.

ಲೇಖಕರು ಎಲ್ಲಿಂದ ಬಂದೋರು ಅನ್ನೋದನ್ನೂ ಓದುಗ ನೆನಪಿಟ್ಟುಕೊಳ್ಳಬೇಕು. ಸ್ಟೋರ್ಮೆಂಟ್ ಅವರು ಕ್ಲೌಡ್ ಖರ್ಚು ನೋಡೋ ಸಾಫ್ಟ್‌ವೇರ್ ಮಾರೋ ಕ್ಲೌಡಬಿಲಿಟಿಯ ಸಹಸ್ಥಾಪಕರು. ಫುಲ್ಲರ್ ಅಟ್ಲಾಸಿಯನ್‌ನಲ್ಲಿ ಇದೇ ಕೆಲಸ ಮಾಡಿದೋರು. ಅವರ ಫಿನ್‌ಆಪ್ಸ್ ಫೌಂಡೇಶನ್ 2020ರಲ್ಲಿ ಲಿನಕ್ಸ್ ಫೌಂಡೇಶನ್ ಕೆಳಗೆ ಬಂತು, ದೊಡ್ಡ ಕ್ಲೌಡ್ ಕಂಪನಿಗಳೂ ಅದರ ಸದಸ್ಯರು. ಇದರಿಂದ ಒಳ್ಳೇದೂ ಆಗಿದೆ: ಬೇರೆ ಬೇರೆ ಕಂಪನಿಗಳ ಬಿಲ್‌ಗಳನ್ನ ಒಂದೇ ನಮೂನೆಗೆ ತರೋ ‘ಫೋಕಸ್’ ಅನ್ನೋ ಮಾನದಂಡದ 1.0 ಆವೃತ್ತಿ 2024ರಲ್ಲಿ ಬಂತು. ಆದರೆ ಇದೇ ಕಾರಣಕ್ಕೆ ಪುಸ್ತಕದ ನೋಟವೆಲ್ಲ ಕ್ಲೌಡಿನ ಒಳಗೇ. ಈ ಕೆಲಸಕ್ಕೆ ಕ್ಲೌಡ್ ಬೇಕಾ ಅನ್ನೋ ಪ್ರಶ್ನೆಗೆ ಬಲ ಇಲ್ಲ. ಡ್ರಾಪ್‌ಬಾಕ್ಸ್ ತನ್ನ ಬಹುಪಾಲು ಡೇಟಾವನ್ನ ಸ್ವಂತ ಮೆಷಿನ್‌ಗಳಿಗೆ ತಂದು ಎರಡು ವರ್ಷದಲ್ಲಿ ಸುಮಾರು 75 ಮಿಲಿಯನ್ ಡಾಲರ್ ಉಳಿಸಿದ್ದನ್ನ 2018ರ ಷೇರು ದಾಖಲೆಯಲ್ಲಿ ಹೇಳಿತ್ತು. 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್ ಬಿಡ್ತೀವಿ ಅಂತ ಬಹಿರಂಗವಾಗೇ ಹೇಳಿತು. ಎಲ್ಲರಿಗೂ ಇದು ಸರಿಹೋಗುತ್ತೆ ಅಂತಲ್ಲ. ಎಲ್ಲ ತಂಡಗಳೂ ಕೂತ ಸಭೆಯಲ್ಲಿ ಈ ಪ್ರಶ್ನೆ ಕೇಳೋ ಹಾಗಿಲ್ಲ ಅಂದ್ರೆ ಆ ಸಭೆ ಯಾಕೆ?

ಇಷ್ಟೆಲ್ಲ ಹೇಳಿದ ಮೇಲೂ ಪುಸ್ತಕ ಓದಿ ಅಂತಲೇ ಹೇಳ್ತೀನಿ. ದರ ಮತ್ತು ಬಳಕೆಯನ್ನ ಬೇರೆ ಮಾಡಿ ತೋರಿಸೋ ಭಾಗ, ಒಂದು ಆರ್ಡರ್‌ಗೆ ಇಷ್ಟು ಖರ್ಚು ಅಂತ ಲೆಕ್ಕ ಹಾಕೋ ಭಾಗ, ಇವೆರಡನ್ನ ಫೈನಾನ್ಸ್‌ನವರ ಜೊತೆ ಕೂತು ಓದಿ. ಬಿಲ್ ಡಬಲ್ ಆಯ್ತು ಅಂತ ಅವರು, ಆರ್ಡರ್ ಮೂರು ಪಟ್ಟು ಆಯ್ತಲ್ಲ ಅಂತ ನಾವು, ಈ ಜಗಳ ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಸೋಮವಾರದ ಮೇಲ್‌ನಲ್ಲಿ ನಿಮ್ಮ ಹೆಸರು ಕೆಂಪಾಗಿ ಬಂದರೆ ಮೂರು ವಿಷಯ ಬರೆದು ಕೇಳಿ: ಈ ಖರ್ಚು ಬದಲಾಯಿಸೋ ಅಧಿಕಾರ ನಮಗಿದೆಯಾ, ನಾವು ನಿಜಕ್ಕೂ ಕೊಡ್ತಿರೋ ದರ ಎಷ್ಟು, ಉಳಿಸಿದರೆ ಅದರಲ್ಲಿ ನಮಗೆಷ್ಟು. ಉತ್ತರ ಕೊಡೋ ಕಂಪನಿಯಲ್ಲಿ ಈ ಪುಸ್ತಕ ಕೆಲಸಕ್ಕೆ ಬರುತ್ತೆ. ಕೊಡದ ಕಡೆ ಅದು ಇನ್ನೊಂದು ಡ್ಯಾಶ್‌ಬೋರ್ಡ್ ಆಗುತ್ತೆ, ಆನ್-ಕಾಲ್ ಹುಡುಗರ ನಿದ್ದೆ ಹಾಗೇ ಕೆಡ್ತಾ ಇರುತ್ತೆ.