ಆರರವರೆಗೆ ಹತ್ತಿ ಇಳಿಯುವ ಸಂಖ್ಯೆ

12345654321

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಬಾಯಲ್ಲಿ ಹೇಳಿದರೆ ಇದರ ಚೆಲುವು ಕಾಣುವುದಿಲ್ಲ, ಅಂಕಿಗಳಲ್ಲಿ ಬರೆಯಬೇಕು. ಎಡದಿಂದಲೂ ಬಲದಿಂದಲೂ ಓದು ಒಂದೇ. ಪದ್ಯವಾಗಿದ್ದರೆ ಗತಪ್ರತ್ಯಾಗತ ಎನ್ನುತ್ತಿದ್ದೆವು.

= 27994681 × 441

ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ, ಗುಣಾಕಾರ ಕಲಿಸುವಾಗ ಕೊಡುವ ಲೆಕ್ಕವಿದು. ಇಂಥ ಸಾಲುಗೂಡಿದ ಗುಣಲಬ್ಧಗಳನ್ನು ಅವನು ಕೊರಳ ಹಾರವೆಂದು ಕರೆಯುತ್ತಾನೆ. ಗುಣ್ಯ ನೋಡಿದರೆ ಅಡ್ಡಾದಿಡ್ಡಿ, ಗುಣಕ ಸಾದಾ. ಉತ್ತರ ಮಾತ್ರ ಪೋಣಿಸಿದಂತೆ. ಆದರೆ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. ಈ ಜೋಡಿ ಅಕಸ್ಮಾತ್ತಾಗಿ ಸಿಕ್ಕಿದ್ದೆಂದು ನನಗಂತೂ ಅನ್ನಿಸುವುದಿಲ್ಲ. 21ನ್ನು 5291ರಿಂದ ಗುಣಿಸಿ ನೋಡಿ, ಗುಟ್ಟು ಹೊರಬೀಳುತ್ತದೆ.

= 111111 × 111111

ಸ್ಲೇಟಿನ ಮೇಲೆ ಗುಣಿಸಿದರೆ 111111 ಎಂಬುದೇ ಆರು ಸಾಲು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಕೆ. ಯಾವ ಕಂಬದ ಮೊತ್ತವೂ ಹತ್ತು ಮುಟ್ಟದ್ದರಿಂದ ದಶಕ ಒಯ್ಯುವ ಪ್ರಸಂಗವಿಲ್ಲ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. ಹತ್ತು ಒಂದುಗಳಿಟ್ಟರೆ 1234567900987654321. ನಡುವೆ ಹಾರ ಹರಿಯಿತು.

= 3² × 7² × 11² × 13² × 37²

111ರಲ್ಲಿ 3, 37; 1001ರಲ್ಲಿ 7, 11, 13. ಇವೆರಡರ ಗುಣಲಬ್ಧವೇ 111111. ಆಚಾರ್ಯ 3 ಮತ್ತು 7ನ್ನು ಒಂದು ಕಡೆ, ಉಳಿದ ಮೂರನ್ನು ಇನ್ನೊಂದು ಕಡೆ ಇಟ್ಟ, ಅಷ್ಟೇ. ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುವುದರಿಂದ ಭಾಜಕಗಳು 3⁵, ಅಂದರೆ 243.

13029870672 > 12345654321

ಎಡಗಡೆಯದು ಸಂಖ್ಯೆಯನ್ನೇ ಬಿಟ್ಟು ಉಳಿದ 242 ಭಾಜಕಗಳ ಮೊತ್ತ. ಮೊತ್ತ ಸಂಖ್ಯೆಗೆ ಸಮವಾದರೆ ಪರಿಪೂರ್ಣ ಸಂಖ್ಯೆ. 6, 28 ಹಾಗೆ. ಬೆಸ ಸಂಖ್ಯೆಗಳಲ್ಲಿ ಅಂಥದ್ದು ಇದುವರೆಗೆ ಒಂದೂ ಸಿಕ್ಕಿಲ್ಲ. ಮೊತ್ತ ಮೀರುವ ಬೆಸ ಸಂಖ್ಯೆಗಳೂ ವಿರಳವೇ, ಮೊದಲನೆಯದು 945. ನಮ್ಮದು ಆ ಗುಂಪಿನದು, ಮೀರಿದ್ದು ಅರವತ್ತೆಂಟು ಕೋಟಿಗೂ ಹೆಚ್ಚು. ಈ ಧಾರಾಳಕ್ಕೆ ಕಾರಣ 37. ಅದನ್ನು ತೆಗೆದುಹಾಕಿದರೆ ಉಳಿಯುವುದು 3003ರ ವರ್ಗ, 9018009. ಅದನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ 9017190. ಸಮವಾಗಲು 819 ಕಡಿಮೆ.