ಕೊಂಬಿನ ನಶ್ಯದ ಡಬ್ಬಿ: ನೋಡುವ ಬಗೆ

ನಶ್ಯದ ಡಬ್ಬಿ ಎಂದರೆ ನಮ್ಮ ಕಡೆಯ ಹಿರಿಯರ ಕಣ್ಣಿಗೆ ಕಟ್ಟುವುದು ಹಿತ್ತಾಳೆಯದೋ ಬೆಳ್ಳಿಯದೋ ಪುಟ್ಟ ಡಬ್ಬಿ. ಸ್ಕಾಟ್ಲೆಂಡಿನವರು ಅದೇ ಕೆಲಸಕ್ಕೆ ಟಗರಿನ ಕೊಂಬು ಹಿಡಿದರು. 18, 19ನೇ ಶತಮಾನಗಳಲ್ಲಿ ಅಲ್ಲಿ ಬಳಕೆಯಲ್ಲಿದ್ದ ಈ ಡಬ್ಬಿಗೆ ‘ಮಲ್’ ಎಂದು ಹೆಸರು. ಪ್ರಾಣಿಗಳ ಕೊಂಬು, ಚಿಪ್ಪು, ದಂತಗಳಿಂದಾದ ಹಳೆಯ ಡಬ್ಬಿಗಳ ರುಚಿ ಹತ್ತಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಮೊದಲು ತುದಿ ನೋಡಬೇಕು. ಕೊಂಬು ನಮ್ಮ ಉಗುರು, ಕೂದಲಿನಂತೆಯೇ ಕೆರಾಟಿನ್. ಒಳಗಿನ ಮೂಳೆ ತೆಗೆದು ಕಾಯಿಸಿದರೆ ಮೆತ್ತಗಾಗುತ್ತದೆ. ಬಿಸಿ ಆರುವಷ್ಟರಲ್ಲಿ ತುದಿಯನ್ನು ಸುರುಳಿ ಸುತ್ತಬೇಕು. ಸೀಳು ಬಿಡದೆ ಬಿಗಿಯಾಗಿ ಸುತ್ತಿಕೊಂಡ ತುದಿ ಕಂಡರೆ ಅದು ಪಳಗಿದ ಕೈಯ ಕೆಲಸ.

ಆಮೇಲೆ ಬಾಯಿ. ಯಾವ ಕೊಂಬೂ ಸರಿಯಾಗಿ ದುಂಡಗೆ ಬೆಳೆದಿರುವುದಿಲ್ಲ. ಆ ಓರೆಕೋರೆಗೆ ತಕ್ಕಂತೆ ಬೆಳ್ಳಿಯ ಅಂಚು ಕಟ್ಟಿ, ಕೀಲು ಕೂರಿಸಿ, ಮುಚ್ಚಳ ಹೊಂದಿಸಬೇಕು. ಸಂದು ಉಳಿದರೆ ನಶ್ಯ ಒಣಗಿ ಘಾಟು ಹೋಗುತ್ತದೆ. ಆದ್ದರಿಂದ ಮುಚ್ಚಳದ ಮೇಲಿನ ಕುಸುರಿಗಿಂತ ಮುಚ್ಚಳ ಕೂತ ರೀತಿಯೇ ದೊಡ್ಡದು.

ಸೈನ್ಯದ ಭೋಜನಶಾಲೆಗಳ ಮೇಜಿಗೆಂದೇ ಇಡೀ ಟಗರಿನ ತಲೆಯನ್ನು ಬೆಳ್ಳಿಯಿಂದ ಸಿಂಗರಿಸಿ, ಅಡಿಗೆ ಗಾಲಿ ಕೂರಿಸಿದ್ದೂ ಉಂಟು. ಪುಟ್ಟ ಚಮಚ, ಸುತ್ತಿಗೆ, ಚೆಲ್ಲಿದ ನಶ್ಯ ಒರೆಸಲು ಮೊಲದ ಕಾಲು ಸರಪಳಿಯಲ್ಲಿ ತೂಗುತ್ತಿದ್ದವು. ನೋಡಿದವರು ಬೆರಗಾಗುತ್ತಾರೆ, ನಿಜ. ಆದರೆ ಕಸುಬಿನ ಸೊಗಸು ಇರುವುದು ಅಂಗೈಯಲ್ಲಿ ಹಿಡಿಸುವ ಸಾದಾ ಮಲ್‌ನಲ್ಲೇ.

ಕೊಂಬನ್ನು ಸುತ್ತುವುದಷ್ಟೇ ಅಲ್ಲ, ಅಚ್ಚಿಗೊತ್ತುವುದೂ ಉಂಟು: ಲಂಡನ್ನಿನಲ್ಲಿ 18ನೇ ಶತಮಾನದ ಆರಂಭದಲ್ಲಿ ಜಾನ್ ಒಬ್ರಿಸೆಟ್ ಎಂಬ ಕಸುಬುದಾರ ಕೊಂಬನ್ನೂ ಆಮೆ ಚಿಪ್ಪನ್ನೂ ಬಿಸಿ ಮಾಡಿ ಅಚ್ಚಿಗೊತ್ತಿ, ಮುಚ್ಚಳಗಳ ಮೇಲೆ ರಾಜರಾಣಿಯರ ಮುಖ ಮೂಡಿಸುತ್ತಿದ್ದ.

ಅಸಲಿ ಗುರುತಿಸಲು ಭೂತಗನ್ನಡಿ ಸಾಕು. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಗೆರೆಗಳಿರುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು. ಆಮೆ ಚಿಪ್ಪಿನ ಕಂದು ಕಲೆ ನೂರಾರು ಬಿಂದುಗಳಾಗಿ ಬಿಡಿಬಿಡಿಯಾಗಿ ಕಾಣುತ್ತದೆ. ಕಾದ ಸೂಜಿ ಚುಚ್ಚಿ ವಾಸನೆ ನೋಡುವ ಹಳೆಯ ಪದ್ಧತಿ ಮಾತ್ರ ಬೇಡ, ಕಲೆ ಮಾಯುವುದಿಲ್ಲ.

ದಂತದ ಕೆಲಸಕ್ಕೆ ಕಣ್ಣು ಪಳಗಿಸಲು ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದ, ದಂತ ಕೂರಿಸಿದ ಬೀಟೆ ಬಾಗಿಲ ಮುಂದೆ ನಿಂತರಾಯಿತು. ಕೊಳ್ಳುವ ಮಾತು ಬೇರೆ: ಭಾರತದ 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ನಂತರದ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ, ಕಡಲಾಮೆಯ ಚಿಪ್ಪಿಗೂ ಅದೇ ಕಟ್ಟು. ಟಗರು ಸಾಕುಪ್ರಾಣಿಯಾದ್ದರಿಂದ ಅದರ ಕೊಂಬಿಗೆ ಆ ತಡೆಯಿಲ್ಲ. ಅಂಥ ಕೊಂಬಿನ ಡಬ್ಬಿ ಕೈಗೆ ಸಿಕ್ಕರೆ ಒಳಗೆ ಟಾರ್ಚ್ ಬಿಟ್ಟು, ಹುಳು ತಿಂದ ಗುಳಿಗಳಿವೆಯೇ ಎಂದು ನೋಡಬೇಕು.