‘ಸಾಕು’ ಎನ್ನುವ ಹಕ್ಕು

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿ ಸೋಲಾರ್ ಪಾರ್ಕ್‌ಗೆ ಜಮೀನು ಕೊಟ್ಟ ರೈತರಿಗೆ ಕರಾರು ಬಾಯಿಪಾಠ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, 28 ವರ್ಷದ ಗುತ್ತಿಗೆ. ಅದೇ ರೈತ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಬರೆದುಕೊಟ್ಟ ಇಮೇಲ್ ವಿಳಾಸಕ್ಕೆ ಮಾತ್ರ ಕರಾರೂ ಇಲ್ಲ, ಅವಧಿಯೂ ಇಲ್ಲ. ಸಾಲ, ವಿಮೆ, ರಿಯಾಯಿತಿ ಎಂದು ಕೇಳದ ಮೇಲ್‌ಗಳು ದಿನವೂ ಬಂದು ಬೀಳುತ್ತವೆ.

ಬೇಡವಾದರೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಿ ಎನ್ನುತ್ತಾರೆ. ನಮ್ಮ ದೊಡ್ಡಪ್ಪನ ಫೋನಿನಲ್ಲಿ ಅದನ್ನೂ ಮಾಡಿ ನೋಡಿದೆ. ಸಾಲ ಮಂಜೂರಾಗಿದೆ ಎಂದು ಇಂಗ್ಲಿಷಿನಲ್ಲಿ ಬಂದಿದ್ದ ಮೇಲ್ ಓದಿ ಹೇಳಿದರೆ, “ನಾನು ಸಾಲಾನೇ ಕೇಳಿಲ್ವಲ್ಲೋ, ಇದ್ಯಾಕ್ ಬಂದೈತೆ?” ಎಂದರು. ‘ಈಗಲೇ ಪಡೆಯಿರಿ’ ಎಂಬ ಗುಂಡಿ ಹೆಬ್ಬೆರಳಗಲ, ಹಸಿರು ಬಣ್ಣ. ಬೇಡವೆನ್ನುವ ಕೊಂಡಿ ಕಟ್ಟಕಡೆಯಲ್ಲಿ, ಬೂದು ಬಣ್ಣದ ಇರುವೆಯಂಥ ಅಕ್ಷರದಲ್ಲಿ. ಒತ್ತಿದರೆ ಪಾಸ್‌ವರ್ಡ್ ಕೇಳಿತು. ದೊಡ್ಡಪ್ಪ ಯಾವತ್ತೂ ಪಾಸ್‌ವರ್ಡ್ ಇಟ್ಟವರೇ ಅಲ್ಲ. ಸೇರಿಸಿಕೊಳ್ಳುವಾಗ ಕೇಳದ ಗುರುತನ್ನು ಬಿಡಿಸಿಕೊಳ್ಳುವಾಗ ಕೇಳುವುದು ಅನ್ಯಾಯ.

ಹೀಗೇ ಇರಬೇಕೆಂದೇನೂ ಇಲ್ಲ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಜಾಹೀರಾತಿನ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು, ಎರಡು ದಿನದಲ್ಲಿ ಪಟ್ಟಿಯಿಂದ ತೆಗೆಯಬೇಕು ಎಂದು ಗೂಗಲ್ 2024ರಲ್ಲಿ ನಿಯಮ ತಂದಿತು. ಮನಸ್ಸಿದ್ದರೆ ದಾರಿ ಉಂಟು ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಕಾನೂನು ಇನ್ನೂ ಮುಂದೆ ಹೋಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಮಾತು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಸಿಗಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬದುಕುವ ಈ ಗಡಿಸೀಮೆಗೆ ಎರಡೂ ಅದರಲ್ಲಿವೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ ಒಂದೂವರೆ ವರ್ಷದ ಗಡುವು ಸಿಕ್ಕಿದೆ. ಆದರೆ ಕಾಯ್ದೆ ಭಾಷೆಯ ಮಾತಾಡುವುದು ಒಪ್ಪಿಗೆ ಕೇಳುವ ಕಡೆ. ‘ಬೇಡ’ ಎನ್ನುವ ಗುಂಡಿಯೂ ಕನ್ನಡದಲ್ಲೇ ಇರಬೇಕೆಂದು ಒತ್ತಾಯಿಸಬೇಕಾದವರು ನಾವು.

ಅಲ್ಲಿಯವರೆಗೆ ಎರಡು ಎಚ್ಚರ. ಗೊತ್ತಿರುವ ಕಂಪನಿಯ ಮೇಲ್ ಆದರೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಗುರುತಿಲ್ಲದವರದ್ದಾದರೆ ಕೊಂಡಿ ಮುಟ್ಟಲೇಬೇಡಿ, ಈ ವಿಳಾಸ ಬಳಕೆಯಲ್ಲಿದೆ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ಸ್ಪ್ಯಾಮ್ ಎಂದು ಗುರುತು ಹಾಕಿ ಬಿಡಿ. ಮೊಬೈಲಿಗೆ ಬರುವ ಜಾಹೀರಾತಿನ ಕರೆ, ಎಸ್‌ಎಂಎಸ್ ತಡೆಯಲು 1909 ಸಂಖ್ಯೆ ಇದೆ. ಓದಿದ ಮಕ್ಕಳು ಊರಿಗೆ ಬಂದಾಗ ಹಿರಿಯರ ಫೋನು ಹಿಡಿದು ಅರ್ಧ ಗಂಟೆ ಕೂತು ಇಷ್ಟು ಮಾಡಿಕೊಟ್ಟು ಹೋಗಿ.